ಮನೆ ತೊರೆದು ಬಂದವರಿಗೆ ಔಷಧ ದಾಸೋಹ

ದಾಸೋಹವೆಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಪಂಕ್ತಿಯಲ್ಲಿ ಕುಳಿತ ಜನ, ಬಡಿಸುವ ಸದ್ಭಕ್ತರು, ಕುದಿಯುವ ದೊಡ್ಡ ಪಾತ್ರೆಗಳು. ಬಂದವರು ಯಾರೆಂದು ಕೇಳದೆ ಉಣಬಡಿಸುವುದು ಶರಣರು ನಮಗೆ ಬಿಟ್ಟುಹೋದ ದೊಡ್ಡ ಆಸ್ತಿ. ಕಲಬುರಗಿಯ ಮಹಾದಾಸೋಹಿ ಶರಣಬಸವೇಶ್ವರರ ಹೆಸರನ್ನು ಹೇಳಿದರೆ ಸಾಕು, ಈ ಭಾಗದ ಜನರಿಗೆ ಅನ್ನದ ನೆನಪಾಗುತ್ತದೆ. ಮುಂದೆ ನಮ್ಮ ಮಠಮಾನ್ಯಗಳು ಅನ್ನದ ಜೊತೆಗೆ ಅಕ್ಷರವನ್ನೂ ಸೇರಿಸಿದವು. ಉಚಿತ ಪ್ರಸಾದ ನಿಲಯಗಳಲ್ಲಿ ಉಂಡು ಓದಿ ಬದುಕು ಕಟ್ಟಿಕೊಂಡವರು ನಮ್ಮ ಪ್ರತಿ ಊರಿನಲ್ಲಿಯೂ ಇದ್ದಾರೆ.

ಆದರೆ ಅನ್ನ, ಅಕ್ಷರಗಳ ಜೊತೆಗೆ ನಿಲ್ಲಬೇಕಾದ ಮತ್ತೊಂದು ದಾಸೋಹವಿದೆ. ಅದು ಔಷಧದ ದಾಸೋಹ. ವಿಶೇಷವಾಗಿ ಗಲಭೆ, ಯುದ್ಧ, ದ್ವೇಷಗಳ ಕಾರಣದಿಂದ ಊರು ಮನೆಗಳನ್ನು ಬಿಟ್ಟು ಉಟ್ಟ ಬಟ್ಟೆಯಲ್ಲಿಯೇ ಹೊರಟು ಬಂದವರಿಗೆ ಇದು ಅನ್ನದಷ್ಟೇ ಮುಖ್ಯ. ಕೆಲವೊಮ್ಮೆ ಅನ್ನಕ್ಕಿಂತಲೂ ಮೊದಲು ಬೇಕಾಗುವಂಥದು. ಹಸಿದ ಮನುಷ್ಯ ಮೂರು ದಿನ ತಾಳಿಯಾನು. ವಾಂತಿ ಭೇದಿ ಹತ್ತಿದ ಕೂಸು ಒಂದು ಹಗಲು ಒಂದು ರಾತ್ರಿಯನ್ನೂ ತಾಳಲಾರದು.

ಈ ಮಾತು ನಮಗೆ ಹೊರಗಿನದಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ನಡೆದ ಕ್ರಾಂತಿಯ ಕೊನೆಯ ದಿನಗಳನ್ನು ನೆನೆಯೋಣ. ರಾಜಸೈನ್ಯ ಬೆನ್ನಟ್ಟಿರಲು ಶರಣರು ಗುಂಪು ಗುಂಪಾಗಿ ಕಲ್ಯಾಣವನ್ನು ಬಿಟ್ಟರು. ಚನ್ನಬಸವಣ್ಣನವರೊಡನೆ ಹೊರಟವರು ಕಾಡು ಮೇಡುಗಳನ್ನು ದಾಟಿ ದೂರದ ಉಳವಿಯನ್ನು ಸೇರಿದರು. ವಚನದ ಕಟ್ಟುಗಳನ್ನು ಹೊತ್ತು ನಡೆದ ಆ ಜನರನ್ನು ನಾವು ಧರ್ಮವೀರರೆಂದು ಸ್ಮರಿಸುತ್ತೇವೆ, ಅದು ಸರಿಯೇ. ಆದರೆ ಅವರು ಇಂದಿನ ಮಾತಿನಲ್ಲಿ ನಿರಾಶ್ರಿತರೂ ಆಗಿದ್ದರು. ಅವರಲ್ಲಿ ವೃದ್ಧರಿದ್ದರು, ಬಸುರಿ ಬಾಣಂತಿಯರಿದ್ದರು, ಎದೆಹಾಲಿನ ಕೂಸುಗಳಿದ್ದವು. ದಾರಿಯುದ್ದಕ್ಕೂ ಯಾರೋ ನೀರು ಕೊಟ್ಟರು, ಯಾರೋ ಗಾಯಕ್ಕೆ ಸೊಪ್ಪು ಅರೆದು ಕಟ್ಟಿದರು; ಆದುದರಿಂದಲೇ ಅವರಲ್ಲಿ ಉಳಿದವರು ಉಳಿದರು. ಶರಣಗಣದಲ್ಲಿ ವೈದ್ಯ ವೃತ್ತಿಯನ್ನೇ ಕಾಯಕವಾಗಿ ಕೈಕೊಂಡ ವೈದ್ಯ ಸಂಗಣ್ಣನೆಂಬ ವಚನಕಾರನಿದ್ದನೆಂಬುದನ್ನೂ ಇಲ್ಲಿ ನೆನೆಯಬೇಕು. ಮದ್ದು ಕೊಡುವುದೂ ಕಾಯಕವೇ, ಅದನ್ನು ಫಲಾಪೇಕ್ಷೆಯಿಲ್ಲದೆ ಕೊಟ್ಟರೆ ಅದೂ ದಾಸೋಹವೇ.

ಕೃಷ್ಣೆಯ ಸೀಮೆಯ ಒಂದು ನೆನಪು

ನಮ್ಮ ಊರು ಕಕ್ಕೇರಾ. ಇಂದು ಯಾದಗಿರಿ ಜಿಲ್ಲೆಯಲ್ಲಿರುವ ಸುರಪುರ ಸೀಮೆ ಆಗ ಗುಲಬರ್ಗಾ ಜಿಲ್ಲೆಗೆ ಸೇರಿ, ಹೈದರಾಬಾದ್ ನಿಜಾಮರ ಆಳ್ವಿಕೆಗೆ ಒಳಪಟ್ಟಿತ್ತು. ಪಶ್ಚಿಮಕ್ಕೆ ಹುಣಸಗಿಯನ್ನು ದಾಟಿ ಮುಂದೆ ಸಾಗಿದರೆ ಬಿಜಾಪುರ ಜಿಲ್ಲೆ, ಅಂದರೆ ಅಂದಿನ ಮುಂಬಯಿ ಪ್ರಾಂತ. 1947ರ ಆಗಸ್ಟ್ 15ರಂದು ದೇಶಕ್ಕೆ ಸ್ವಾತಂತ್ರ್ಯ ಬಂದಿತು. ಆದರೆ ನಿಜಾಮರು ಭಾರತ ಒಕ್ಕೂಟಕ್ಕೆ ಸೇರಲಿಲ್ಲ. ಕಾಸಿಂ ರಜ್ವಿಯ ನೇತೃತ್ವದ ರಜಾಕಾರರ ಹಾವಳಿ ಹಳ್ಳಿ ಹಳ್ಳಿಗೂ ಹಬ್ಬಿತು. 1948ರ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರಟಾ ಗ್ರಾಮದಲ್ಲಿ ನಡೆದ ಸಾಮೂಹಿಕ ಹತ್ಯೆಯ ಸುದ್ದಿ ಹಬ್ಬಿದ ಮೇಲಂತೂ ಜನರ ಎದೆ ನಡುಗಿತು. ಗಡಿಯಾಚೆ ಮುಂಡರಗಿ, ಗಜೇಂದ್ರಗಡ ಮೊದಲಾದ ಕಡೆಗಳಲ್ಲಿ ಹೋರಾಟದ ಶಿಬಿರಗಳು ಆರಂಭವಾಗಿದ್ದವು. ಅಳವಂಡಿ ಶಿವಮೂರ್ತಿಸ್ವಾಮಿಗಳ ಹೆಸರು ಆ ಇತಿಹಾಸದಲ್ಲಿ ಅಚ್ಚಳಿಯದೆ ನಿಂತಿದೆ. ಶಿಬಿರಗಳಲ್ಲಿ ಬಂದೂಕು ಹಿಡಿದವರ ಕಥೆಯನ್ನು ಅನೇಕರು ಬರೆದಿದ್ದಾರೆ. ಬಂದೂಕು ಹಿಡಿಯಲಾರದೆ ಕೂಸು ಹಿಡಿದು ಹೊರಟವರ ಕಥೆಯನ್ನು ಬರೆದವರು ಕಡಿಮೆ.

ನಮ್ಮ ತಾಯಿಯ ತಾಯಿ ಅಂಥವರಲ್ಲಿ ಒಬ್ಬರು. 1948ರ ಮಳೆಗಾಲದ ಒಂದು ರಾತ್ರಿ ನಾಲ್ಕಾರು ಮನೆಗಳ ಹೆಂಗಸರು ಮಕ್ಕಳು ಎರಡು ಚಕ್ಕಡಿಗಳಲ್ಲಿ ಗಡಿಯ ಕಡೆಗೆ ಹೊರಟರಂತೆ. ಕೈಯಲ್ಲಿ ಇದ್ದುದು ಜೋಳದ ರೊಟ್ಟಿಯ ಗಂಟು, ಶೇಂಗಾ ಹಿಂಡಿ, ಎರಡು ಕೌದಿ. ಅಜ್ಜಿಯ ಮಡಿಲಲ್ಲಿ ಒಂದೂವರೆ ವರ್ಷದ ಚೊಚ್ಚಲ ಗಂಡುಮಗು. ತಾಳಿಕೋಟೆಯ ಕಡೆಯ ಒಂದು ಹಳ್ಳಿಯಲ್ಲಿ ಗೌಡರೊಬ್ಬರು ತಮ್ಮ ದನದ ಕೊಟ್ಟಿಗೆಯನ್ನು ತೊಳೆಸಿ ಇವರಿಗೆ ಬಿಟ್ಟುಕೊಟ್ಟರು. ಊರಿನ ಮನೆ ಮನೆಯಿಂದ ರೊಟ್ಟಿ ಪಲ್ಯ ಬಂದವು. ಅನ್ನಕ್ಕೆ ಒಂದು ದಿನವೂ ಕೊರತೆಯಾಗಲಿಲ್ಲವೆಂದು ಅಜ್ಜಿ ಕೊನೆಯವರೆಗೂ ಆ ಊರಿನವರನ್ನು ಹರಸುತ್ತಿದ್ದರು.

ಕೊರತೆಯಾದುದು ಬೇರೊಂದು. ಹಳ್ಳದ ನೀರು ಕುಡಿದು ನಾಲ್ಕನೆಯ ದಿನಕ್ಕೆ ಮಕ್ಕಳಿಗೆ ಭೇದಿ ಹತ್ತಿತು. ಭೇದಿಯಾದ ಕೂಸಿಗೆ ನೀರು ಕೊಟ್ಟರೆ ಭೇದಿ ಮತ್ತಷ್ಟು ಹೆಚ್ಚುವುದೆಂಬುದು ಅಂದಿನ ಹಿರಿಯರ ನಂಬಿಕೆ. ಕೂಸು ನೀರು ನೀರೆಂದು ಅಳುತ್ತಿತ್ತು. ತಾಯಿ ತುಟಿಗೆ ಒದ್ದೆ ಬಟ್ಟೆ ಒತ್ತುತ್ತ ಕುಳಿತಳು. ಡಾಕ್ಟರನ್ನು ಕರೆತರಲು ಹೋದ ಚಕ್ಕಡಿ ಕೆಸರಿನಲ್ಲಿ ಸಿಕ್ಕಿ ತಡವಾಯಿತು. ಮೂರನೆಯ ದಿನ ಬೆಳಗಿನ ಜಾವಕ್ಕೆ ಅಳು ನಿಂತಿತು. ಪರರ ಹೊಲದ ಬದುವಿನಲ್ಲಿ ಕೂಸನ್ನು ಮಣ್ಣು ಮಾಡಿ, ಮುಂದೆ ಸೆಪ್ಟೆಂಬರ್ 13ರಿಂದ 17ರವರೆಗೆ ನಡೆದ ಪೊಲೀಸ್ ಕಾರ್ಯಾಚರಣೆ ಮುಗಿದ ನಂತರ ಎಲ್ಲರೂ ಬರಿಗೈಯಲ್ಲಿ ಊರಿಗೆ ಮರಳಿದರು. ಆ ಮಗುವಿಗೆ ಗುಂಡು ತಗುಲಿರಲಿಲ್ಲ, ಕತ್ತಿ ತಾಗಿರಲಿಲ್ಲ. ಆದುದರಿಂದ ಯಾವ ಹುತಾತ್ಮರ ಪಟ್ಟಿಯಲ್ಲಿಯೂ ಅದರ ಹೆಸರಿಲ್ಲ.

ಅಜ್ಜಿ ನಮ್ಮ ಮನೆಯಲ್ಲಿ ಇರುವಷ್ಟು ಕಾಲವೂ ಹಾಸಿಗೆಯ ಪಕ್ಕದಲ್ಲಿ ಒಂದು ತಂಬಿಗೆ ನೀರು ಇಟ್ಟುಕೊಂಡೇ ಮಲಗುತ್ತಿದ್ದರು. "ಕೂಸು ನೀರ ಕೇಳಿದ್ರ ಇಲ್ಲ ಅನಬ್ಯಾಡ್ರಿ" ಎಂಬುದು ಅವರು ಸೊಸೆಯಂದಿರಿಗೆ ಹೇಳುತ್ತಿದ್ದ ಒಂದೇ ಮಾತು.

ಇಲ್ಲಿ ಇನ್ನೊಂದನ್ನೂ ಹೇಳದಿದ್ದರೆ ಸತ್ಯಕ್ಕೆ ಅಪಚಾರವಾದೀತು. ಕಾರ್ಯಾಚರಣೆಯ ನಂತರದ ದಿನಗಳಲ್ಲಿ ಇದೇ ಸೀಮೆಯಲ್ಲಿ, ರಜಾಕಾರರೊಡನೆ ಯಾವ ಸಂಬಂಧವೂ ಇಲ್ಲದ ಬಡ ಮುಸಲ್ಮಾನ ಕುಟುಂಬಗಳೂ ಪ್ರತೀಕಾರಕ್ಕೆ ಗುರಿಯಾಗಿ ಮನೆ ಬಿಟ್ಟವು. ಅದನ್ನು ವಿಚಾರಿಸಲು ಪಂಡಿತ ಸುಂದರಲಾಲರ ಸಮಿತಿಯೇ ಬಂದಿತ್ತು. ಅವರ ಮಡಿಲಲ್ಲಿಯೂ ಕೂಸುಗಳಿದ್ದವು. ಭೇದಿಗೆ ಜಾತಿ ಮತಗಳ ಅರಿವಿಲ್ಲ, ಮದ್ದಿಗೂ ಇರಬಾರದು. ಇವನಾರವನೆಂದು ಕೇಳದ ಧರ್ಮ ನಮ್ಮದೆಂದು ಹೇಳಿಕೊಳ್ಳುವುದಾದರೆ ಅದರ ಪರೀಕ್ಷೆ ನಡೆಯುವುದು ಇಂಥ ಸ್ಥಳದಲ್ಲಿಯೇ.

ಬೋಂಗಾವ್ ಕಲಿಸಿದ ಪಾಠ

ಆ ಕೂಸನ್ನು ಉಳಿಸಬಹುದಾಗಿದ್ದ ಮದ್ದು ಯಾವುದು? ಅದನ್ನು ಜಗತ್ತು ದೊಡ್ಡ ಪ್ರಮಾಣದಲ್ಲಿ ಕಂಡದ್ದು 23 ವರ್ಷಗಳ ನಂತರ. ಅದೂ ಭಾರತದಲ್ಲಿ, ಮನೆ ತೊರೆದು ಬಂದವರ ಶಿಬಿರದಲ್ಲಿ.

1971ರಲ್ಲಿ ಪೂರ್ವ ಪಾಕಿಸ್ತಾನದಲ್ಲಿ ನಡೆದ ದಮನಕ್ಕೆ ಬೆದರಿ ಸುಮಾರು ಒಂದು ಕೋಟಿ ಜನರು ಭಾರತದ ಗಡಿಯೊಳಗೆ ಬಂದರು. ಪಶ್ಚಿಮ ಬಂಗಾಳದ ಗಡಿ ಪಟ್ಟಣವಾದ ಬೋಂಗಾವ್‌ನ ಸುತ್ತ ಲಕ್ಷಾಂತರ ಜನ ತುಂಬಿಕೊಂಡರು. ಮಳೆ, ಕೆಸರು, ಕೆಟ್ಟ ನೀರು. ಕಾಲರಾ ಕಾಡ್ಗಿಚ್ಚಿನಂತೆ ಹಬ್ಬಿತು. ಆಗ ಕಾಲರಾಕ್ಕೆ ರೂಢಿಯಲ್ಲಿದ್ದ ಚಿಕಿತ್ಸೆ ರಕ್ತನಾಳದ ಮೂಲಕ ಸಲೈನ್ ಹರಿಸುವುದು. ಸಲೈನ್ ಬಾಟಲಿಗಳು ತೀರುತ್ತ ಬಂದವು. ಸೂಜಿ ಚುಚ್ಚಬಲ್ಲ ತರಬೇತಾದ ಕೈಗಳೂ ಸಾಲಲಿಲ್ಲ. ಆಸ್ಪತ್ರೆಯ ನೆಲದ ಮೇಲೆಲ್ಲ ರೋಗಿಗಳು.

ಅಲ್ಲಿಗೆ ಬಂದ ಡಾ. ದಿಲೀಪ್ ಮಹಲನಾಬಿಸ್ ಎಂಬ ಮಕ್ಕಳ ವೈದ್ಯರು ಧೈರ್ಯದ ಒಂದು ನಿರ್ಧಾರ ಕೈಕೊಂಡರು. ಒಂದು ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡಿಗೆ ಉಪ್ಪು, 2.5 ಗ್ರಾಂ ಅಡಿಗೆ ಸೋಡಾ ಬೆರೆಸಿ ಬಾಯಿಯ ಮೂಲಕವೇ ಕುಡಿಸುವುದೆಂದು ನಿಶ್ಚಯಿಸಿದರು. ಕಲ್ಕತ್ತೆಯಲ್ಲಿ ಈ ಪುಡಿಗಳನ್ನು ತೂಗಿ, ಪ್ಲಾಸ್ಟಿಕ್ ಚೀಲಗಳಿಗೆ ತುಂಬಿ, ಬಿಸಿ ಇಸ್ತ್ರಿಯಿಂದ ಬಾಯಿ ಮುಚ್ಚಿ ಬೋಂಗಾವಿಗೆ ಸಾಗಿಸಿದರು. ದೊಡ್ಡ ಡ್ರಮ್ಮುಗಳಲ್ಲಿ ಕರಗಿಸಿ ನಲ್ಲಿ ಹಚ್ಚಿದರು. ಉಪ್ಪು ಸಕ್ಕರೆಯ ನೀರೆಂದರೆ ಜನ ನಂಬಲಾರರೆಂದು ಅದನ್ನು ಬಾಯಿಯಿಂದ ಕುಡಿಯುವ ಸಲೈನ್ ಎಂದು ಕರೆದರು. ಕುಡಿಸಿದವರು ಯಾರು? ರೋಗಿಗಳ ತಾಯಂದಿರು, ಅಣ್ಣ ತಮ್ಮಂದಿರು, ಮಕ್ಕಳು; ಬಟ್ಟಲು ಹಿಡಿಯಬಲ್ಲ ಎಲ್ಲರೂ. ಅಂಥ ಪರಿಸ್ಥಿತಿಯಲ್ಲಿ ನೂರಕ್ಕೆ 30ರವರೆಗೂ ಏರುತ್ತಿದ್ದ ಸಾವು ಅವರ ಆರೈಕೆಯಲ್ಲಿದ್ದವರಲ್ಲಿ ನೂರಕ್ಕೆ ನಾಲ್ಕಕ್ಕಿಂತ ಕೆಳಗೆ ಇಳಿಯಿತು.

ಇದರ ಒಳಗುಟ್ಟು ಸರಳವಾದುದು. ಭೇದಿಯಲ್ಲಿ ಬರಿಯ ನೀರು ಕುಡಿಸಿದರೆ ಕರುಳು ಅದನ್ನು ಸಾಕಷ್ಟು ಹೀರಿಕೊಳ್ಳುವುದಿಲ್ಲ. ಸಕ್ಕರೆಯ ಅಂಶ ಕರುಳಿನ ಗೋಡೆಯನ್ನು ದಾಟುವಾಗ ಉಪ್ಪನ್ನು ತನ್ನೊಡನೆ ಕರೆದೊಯ್ಯುತ್ತದೆ. ಉಪ್ಪಿನ ಹಿಂದೆ ನೀರೂ ಹೋಗುತ್ತದೆ. ಮೂರೂ ತಕ್ಕ ಪ್ರಮಾಣದಲ್ಲಿ ಸೇರಿದಾಗ ಮಾತ್ರ ಒಣಗಿದ ದೇಹಕ್ಕೆ ಜೀವ ಮರಳುತ್ತದೆ. ಕಲ್ಕತ್ತೆಯ ಡಾ. ಹೇಮೇಂದ್ರನಾಥ ಚಟರ್ಜಿಯವರು ಇಂಥ ಪ್ರಯೋಗವನ್ನು ಪ್ರಕಟಿಸಿದ್ದು 1953ರಲ್ಲಿ. ಅಂದರೆ 1948ರಲ್ಲಿ ಗಡಿಯ ಹಳ್ಳಿಯ ಕೊಟ್ಟಿಗೆಯಲ್ಲಿ ಕುಳಿತ ತಾಯಿಗೆ ಇದನ್ನು ಹೇಳಿಕೊಡಬಲ್ಲವರು ಯಾರೂ ಇರಲಿಲ್ಲ. ಅವಳದು ತಪ್ಪಲ್ಲ. ಇಂದು ತಿಳಿದೂ ಸುಮ್ಮನೆ ಕುಳಿತರೆ ತಪ್ಪು ನಮ್ಮದು. ಡಾ. ಮಹಲನಾಬಿಸ್ ಅವರು 2022ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಮರುವರ್ಷ ಭಾರತ ಸರ್ಕಾರ ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣವನ್ನು ಸಲ್ಲಿಸಿತು.

ಬಂಗಾಳದ ಈ ಕಥೆ ಕಕ್ಕೇರಾದಿಂದ ಬಹು ದೂರವೆಂದು ತಿಳಿಯಬೇಕಾಗಿಲ್ಲ. ನಮ್ಮ ಸಮೀಪದ ತಿಂಥಣಿಯ ಸೇತುವೆಯ ಮೇಲೆ ಕೃಷ್ಣೆಯನ್ನು ದಾಟಿ, ಲಿಂಗಸುಗೂರಿನ ಮಾರ್ಗವಾಗಿ ಸಿಂಧನೂರಿಗೆ ಹೋದರೆ ಅಲ್ಲಿ ಬಂಗಾಳಿ ಕ್ಯಾಂಪುಗಳಿವೆ. ಪೂರ್ವ ಬಂಗಾಳವನ್ನು ತೊರೆದು ಬಂದ ಕುಟುಂಬಗಳನ್ನು 1970ರ ಆಸುಪಾಸಿನಲ್ಲಿ ಅಲ್ಲಿ ನೆಲೆಗೊಳಿಸಲಾಯಿತು. ನಮ್ಮ ಜನ ಅವನ್ನು ಆರ್.ಎಚ್. ಕ್ಯಾಂಪ್ ಎಂದೇ ಕರೆಯುತ್ತಾರೆ. ತುಂಗಭದ್ರೆಯ ಕಾಲುವೆಯ ನೀರಿನಲ್ಲಿ ಭತ್ತ ಬೆಳೆದು, ಕನ್ನಡ ಕಲಿತು, ಸಂತೆಯಲ್ಲಿ ಮೀನು ತರಕಾರಿ ಮಾರಿ ಅವರು ಈ ನೆಲದವರಾದರು.

ಮನೆ ತೊರೆದವರಿಗೆ ನೆಲೆ ಕೊಡುವುದು ಕನ್ನಡ ನಾಡಿಗೆ ಹೊಸದೂ ಅಲ್ಲ. ಟಿಬೆಟ್ಟಿನಿಂದ ಬಂದವರಿಗೆ ಬೈಲಕುಪ್ಪೆಯಲ್ಲಿ 1960ರಲ್ಲಿ ಮೊದಲ ನೆಲೆ ದೊರೆತಾಗ ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾಗಿದ್ದವರು, ಮುಂದೆ ಬಸವ ಸಮಿತಿಯನ್ನು ಸ್ಥಾಪಿಸಿದ ಬಿ.ಡಿ. ಜತ್ತಿಯವರು. ಮುಂಡಗೋಡದಲ್ಲಿ 1966ರಲ್ಲಿ ನೆಲೆ ದೊರೆತಾಗ ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಗಳಾಗಿದ್ದರು. ಚಳಿ ನಾಡಿನಿಂದ ನಮ್ಮ ಬಿಸಿಲಿಗೆ ಬಂದ ಆ ಜನರನ್ನು ಕ್ಷಯರೋಗ ಬಹುಕಾಲ ಕಾಡಿತು. ನೆಲೆ ಸಿಕ್ಕಿತೆಂದ ಮಾತ್ರಕ್ಕೆ ಆರೋಗ್ಯ ಸಿಗುವುದಿಲ್ಲವೆಂಬುದಕ್ಕೆ ಇದೇ ಸಾಕ್ಷಿ.

ಪ್ರಾಣ ಹೋಗುವುದು ಯಾವುದರಿಂದ?

ಯುದ್ಧವೆಂದರೆ ಗುಂಡಿನ ಗಾಯ, ಶಸ್ತ್ರಕ್ರಿಯೆ ಎಂದು ನಾವು ಊಹಿಸುತ್ತೇವೆ. ಆದರೆ ಶಿಬಿರ ಸೇರಿದ ಮೇಲೆ ಜನ ಸಾಯುವುದು ಹೆಚ್ಚಾಗಿ ನಿತ್ಯದ ಕಾಯಿಲೆಗಳಿಂದ: ಭೇದಿ, ದಡಾರ, ಶ್ವಾಸಕೋಶದ ಸೋಂಕು, ಮಲೇರಿಯಾ, ಇವೆಲ್ಲಕ್ಕೂ ಬೆನ್ನೆಲುಬಾಗಿ ನಿಲ್ಲುವ ಅಪೌಷ್ಟಿಕತೆ. 1994ರ ಜುಲೈ ತಿಂಗಳಲ್ಲಿ ಆಫ್ರಿಕಾದ ರುವಾಂಡಾದಿಂದ ಓಡಿಬಂದ ಲಕ್ಷಾಂತರ ಜನರು ಗೋಮಾ ಎಂಬ ಪಟ್ಟಣದ ಬಳಿ ಬೀಡುಬಿಟ್ಟರು. ಮೊದಲ ಒಂದೇ ತಿಂಗಳಿನಲ್ಲಿ ಅವರಲ್ಲಿ ಸುಮಾರು 50,000 ಜನರು ತೀರಿಕೊಂಡರು. ಬಹುಪಾಲು ಕಾಲರಾ ಮತ್ತು ಆಮಶಂಕೆಗಳಿಂದ. ಯುದ್ಧದಿಂದ ತಪ್ಪಿಸಿಕೊಂಡು ಬಂದವರನ್ನು ಕೆರೆಯ ನೀರು ಕೊಂದಿತು.

ಆದ್ದರಿಂದ ಮೊದಲ ಔಷಧ ಶುದ್ಧ ನೀರು. ತಲೆಗೆ ದಿನಕ್ಕೆ 15 ಲೀಟರ್ ನೀರು ಬೇಕೆಂದು ಪರಿಹಾರ ಕಾರ್ಯದ ಅಂತರರಾಷ್ಟ್ರೀಯ ಮಾನದಂಡ ಹೇಳುತ್ತದೆ. ಕ್ಲೋರಿನ್ ಗುಳಿಗೆ, ಮುಚ್ಚಳವಿರುವ ಕೊಡ, ಕೈ ತೊಳೆಯಲು ಸಾಬೂನು, ಇವನ್ನು ಔಷಧವೆಂದೇ ಎಣಿಸಬೇಕು. ಎರಡನೆಯದು ಮಕ್ಕಳಿಗೆ ದಡಾರದ ಲಸಿಕೆ ಮತ್ತು ಎ ಜೀವಸತ್ವ. ಅದು ಸರ್ಕಾರದ, ವೈದ್ಯರ ಕೆಲಸ. ಆದರೆ ತಾಯಂದಿರ ಮನವೊಲಿಸಿ ಮಕ್ಕಳನ್ನು ಸಾಲಿಗೆ ಕರೆತರುವುದು ನಮ್ಮಂಥವರ ಕೆಲಸ. ಮೂರನೆಯದು ಓ.ಆರ್.ಎಸ್. ಪೊಟ್ಟಣ. ವಿಶ್ವ ಆರೋಗ್ಯ ಸಂಸ್ಥೆಯ ಇಂದಿನ ಸೂತ್ರದ ಪೊಟ್ಟಣದಲ್ಲಿ 20.5 ಗ್ರಾಂ ಪುಡಿ ಇರುತ್ತದೆ. ಅದು ಒಂದು ಲೀಟರ್ ನೀರಿಗೆ. ಅದರೊಡನೆ ಭೇದಿಯಾದ ಮಕ್ಕಳಿಗೆ 10ರಿಂದ 14 ದಿನ ಜಿಂಕ್ ಗುಳಿಗೆ ಕೊಡುವುದು ವಾಡಿಕೆ; ಆರು ತಿಂಗಳೊಳಗಿನ ಕೂಸಿಗೆ 10 ಮಿಲಿಗ್ರಾಂ, ಅದಕ್ಕೆ ದೊಡ್ಡವರಾದ ಮಕ್ಕಳಿಗೆ 20 ಮಿಲಿಗ್ರಾಂ. ಅಂಗಡಿಯಲ್ಲಿ ಸಿಗುವ ಬಣ್ಣದ ಸಿಹಿ ಪಾನೀಯ ಇದಕ್ಕೆ ಬದಲಿಯಲ್ಲ.

ಪೊಟ್ಟಣ ಸಿಗದ ಕಡೆ ಏನು ಮಾಡಬೇಕು? ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಚಹದ ಸಣ್ಣ ಚಮಚದಿಂದ ಸಮನಾಗಿ ಸವರಿದ 6 ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಹೆಚ್ಚಾಗಬಾರದು. ಗುಟುಕು ಗುಟುಕಾಗಿ ಕುಡಿಸಬೇಕು, ಕೂಸು ವಾಂತಿ ಮಾಡಿದರೆ ಹತ್ತು ನಿಮಿಷ ತಡೆದು ಮತ್ತೆ ಕುಡಿಸಬೇಕು, ಎದೆಹಾಲು ನಿಲ್ಲಿಸಬಾರದು. ಒಂದು ದಿನ ಕಳೆದ ನೀರನ್ನು ಚೆಲ್ಲಬೇಕು. ಕಣ್ಣು ಒಳಸೇರಿ ಕೂಸು ಮಂಕಾದರೆ, ಭೇದಿಯಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ದೊಡ್ಡ ಪರಿಹಾರ ಸಂಸ್ಥೆಗಳು ಹತ್ತು ಸಾವಿರ ಜನರಿಗೆ ಮೂರು ತಿಂಗಳು ಸಾಲುವಂತೆ ಸಿದ್ಧಪಡಿಸಿದ ಔಷಧ ಪೆಟ್ಟಿಗೆಗಳನ್ನು ಇಟ್ಟುಕೊಂಡಿರುತ್ತವೆ. ಅದರೊಳಗೆ ತಲಾ ಸಾವಿರ ಜನರ ಹತ್ತು ಮೂಲ ಪೆಟ್ಟಿಗೆಗಳು. ಆ ಮೂಲ ಪೆಟ್ಟಿಗೆಯಲ್ಲಿ ಇರುವುದನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ಒಂದು ಚುಚ್ಚುಮದ್ದೂ ಇಲ್ಲ. ಜ್ವರದ ಗುಳಿಗೆ, ಓ.ಆರ್.ಎಸ್., ಜಂತುಹುಳದ ಗುಳಿಗೆ, ಕಣ್ಣಿನ ಮುಲಾಮು, ಗಾಯ ತೊಳೆಯುವ ಔಷಧ, ಹತ್ತಿ, ಪಟ್ಟಿ, ಸಾಬೂನು, ಅಗತ್ಯವಾದ ಒಂದೆರಡು ಸೋಂಕುನಿವಾರಕಗಳು. ಹಳ್ಳಿಯ ಆರೋಗ್ಯ ಕಾರ್ಯಕರ್ತೆ ಕೈಯಾರೆ ಕೊಡಬಲ್ಲ ವಸ್ತುಗಳೇ ಹೆಚ್ಚಿನವು.

ಎರಡು ಸಂಗತಿಗಳನ್ನು ಗಂಡಸರು ನಡೆಸುವ ಪರಿಹಾರ ಸಮಿತಿಗಳು ಮರೆಯುವುದುಂಟು. ಒಂದು, ಹೆರಿಗೆ. ಶಿಬಿರಕ್ಕೆ ಬಂದ ಗರ್ಭಿಣಿಯ ದಿನ ತುಂಬುವುದು ನಿಲ್ಲುವುದಿಲ್ಲ. ಒಂದು ಸ್ವಚ್ಛ ಪ್ಲಾಸ್ಟಿಕ್ ಹಾಸು, ಸಾಬೂನು, ಹೊಸ ಬ್ಲೇಡು, ಹೊಕ್ಕುಳಬಳ್ಳಿ ಕಟ್ಟುವ ಶುದ್ಧ ದಾರ, ಕೂಸನ್ನು ಸುತ್ತುವ ಬಟ್ಟೆ, ಕೈಚೀಲ. ಇಷ್ಟನ್ನು ಒಂದು ಪೊಟ್ಟಣವಾಗಿ ಕಟ್ಟಿಟ್ಟರೆ ಆಸ್ಪತ್ರೆ ತಲುಪಲಾಗದ ರಾತ್ರಿ ಎರಡು ಜೀವಗಳಿಗೆ ರಕ್ಷೆ. ತಿಂಗಳ ಬಟ್ಟೆಯ ಅಗತ್ಯವನ್ನು ಹೆಣ್ಣುಮಕ್ಕಳು ಬಾಯಿಬಿಟ್ಟು ಕೇಳಲಾರರು, ಕೇಳದೆಯೇ ಕೊಡಬೇಕು. ಎರಡು, ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡದ ಗುಳಿಗೆಗಳು. ಓಡಿ ಬರುವ ವೃದ್ಧರು ಆ ಡಬ್ಬಿಯನ್ನು ಮನೆಯಲ್ಲಿಯೇ ಬಿಟ್ಟಿರುತ್ತಾರೆ. 2023ರ ಮೇ 3ರಂದು ಮಣಿಪುರದಲ್ಲಿ ಆರಂಭವಾದ ಗಲಭೆಯಿಂದ ಅರವತ್ತು ಸಾವಿರದಷ್ಟು ಜನ ಮನೆ ತೊರೆದಾಗ, ಪರಿಹಾರ ಶಿಬಿರಗಳ ವಾಸ ದಿನಗಳಲ್ಲಿ ಮುಗಿಯದೆ ವರ್ಷಗಳಿಗೆ ಬೆಳೆಯಿತು. ನಿತ್ಯದ ಗುಳಿಗೆ ತಪ್ಪಿದರೆ ಅಂಥ ವಾಸದಲ್ಲಿ ಏನಾದೀತೆಂಬುದನ್ನು ಮನೆಯಲ್ಲಿ ಹಿರಿಯರಿರುವ ಪ್ರತಿಯೊಬ್ಬರೂ ಬಲ್ಲರು.

ನಾವು ಮಾಡಿದ ತಪ್ಪು

ಈಗ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಆರಂಭದಲ್ಲಿ ಉತ್ತರ ಕರ್ನಾಟಕದಲ್ಲಿ ಬಂದ ಮಹಾನೆರೆಯನ್ನು ಯಾರೂ ಮರೆತಿಲ್ಲ. ಅದು ಕಲಹದಿಂದ ಬಂದ ಸ್ಥಳಾಂತರವಲ್ಲ. ಆದರೂ ಶಾಲೆಯ ಕೋಣೆಯಲ್ಲಿ ಗಂಟು ಹಿಡಿದು ಕುಳಿತವರ ಕಣ್ಣಿನ ಭಾವ ಅಜ್ಜಿ ಹೇಳುತ್ತಿದ್ದ ಕಥೆಯದೇ ಆಗಿತ್ತು. ನಾವು ಹತ್ತಾರು ಜನ ಸೇರಿ ಮನೆ ಮನೆಗೆ ಹೋಗಿ ಔಷಧ ಸಂಗ್ರಹಿಸಿದೆವು. ಎರಡು ದಿನದಲ್ಲಿ ಮೂರು ಚೀಲ ತುಂಬಿದವು. ಹೆಮ್ಮೆಯಿಂದ ಒಯ್ದು ಅಲ್ಲಿದ್ದ ವೈದ್ಯರ ಮುಂದೆ ಸುರಿದೆವು.

ಅವರು ಒಂದೊಂದಾಗಿ ಎತ್ತಿ ನೋಡತೊಡಗಿದರು. ಅರ್ಧ ಬಳಸಿದ ಗುಳಿಗೆಯ ಪಟ್ಟಿಗಳು, ಹೆಸರು ಹರಿದುಹೋದವು, ಮುಚ್ಚಳ ತೆರೆದ ಕೆಮ್ಮಿನ ಔಷಧ, ಅವಧಿ ಮುಗಿದು ವರ್ಷವಾದವು, ಯಾರಿಗೆ ಯಾವ ರೋಗಕ್ಕೆ ಕೊಟ್ಟಿದ್ದವೋ ತಿಳಿಯದವು. ಆ ಸಂಜೆಯೆಲ್ಲ ವಿಂಗಡಿಸಿದ ಮೇಲೆ ಉಪಯೋಗಕ್ಕೆ ಬಂದದ್ದು ಒಂದು ಸಣ್ಣ ಬುಟ್ಟಿಯಷ್ಟು. ವೈದ್ಯರು ಬೇಸರಪಡದೆ, "ಹಿರಿಯರೇ, ಇದರ ಬದಲು ಇನ್ನೂರು ಓ.ಆರ್.ಎಸ್. ಪೊಟ್ಟಣ, ನಾಲ್ಕು ಡಬ್ಬ ಸಾಬೂನು ತಂದಿದ್ದರೆ ಸಾಕಾಗಿತ್ತು" ಎಂದರು. ರೋಗಿಗಳಿಗೆ ಸಲ್ಲಬೇಕಾಗಿದ್ದ ಅವರ ಒಂದು ಸಂಜೆಯನ್ನು ನಾವು ಕಸ ಆರಿಸಲು ಕಳೆಸಿದ್ದೆವು. ನಾವು ಕೊಟ್ಟದ್ದು ದಾನವಲ್ಲ, ನಮ್ಮ ಕಪಾಟಿನ ಕಸವೆಂದು ಅಂದು ತಿಳಿಯಿತು.

ಮುಂದೆ ಓದಿದಾಗ ಈ ತಪ್ಪನ್ನು ದೊಡ್ಡ ದೊಡ್ಡ ದೇಶಗಳೂ ಮಾಡಿವೆಯೆಂದು ತಿಳಿದುಬಂದಿತು. 1988ರಲ್ಲಿ ಆರ್ಮೇನಿಯಾದ ಭೂಕಂಪದ ನಂತರ ಬಂದ ಔಷಧ 5,000 ಟನ್ನು. ಅದನ್ನು ವಿಂಗಡಿಸಲು 50 ಜನರಿಗೆ ಆರು ತಿಂಗಳು ಹಿಡಿಯಿತು. 1992ರಿಂದ 1996ರವರೆಗೆ ಬೋಸ್ನಿಯಾದ ಯುದ್ಧದ ಕಾಲದಲ್ಲಿ ಬಂದ ಔಷಧಗಳಲ್ಲಿ ಸುಮಾರು 17,000 ಟನ್ನು ನಿರುಪಯೋಗಿಯೆಂದು, ಅದನ್ನು ನಾಶಪಡಿಸಲು 3 ಕೋಟಿ 40 ಲಕ್ಷ ಡಾಲರು ಬೇಕೆಂದು ಲೆಕ್ಕ ಹಾಕಲಾಯಿತು. ಕರುಣೆಯೇ ಹೊರೆಯಾದ ಬಗೆಯಿದು.

ಈ ಅನುಭವದಿಂದ ವಿಶ್ವ ಆರೋಗ್ಯ ಸಂಸ್ಥೆ ಮತ್ತಿತರ ಸಂಸ್ಥೆಗಳು 1996ರಲ್ಲಿ ಔಷಧ ದಾನಕ್ಕೆ ನಿಯಮಗಳನ್ನು ರೂಪಿಸಿದವು. ಅವುಗಳ ತಿರುಳನ್ನು ಮನೆಮಾತಿನಲ್ಲಿ ಹೀಗೆ ಹೇಳಬಹುದು. ಬೇಕೆಂದು ಕೇಳಿದ್ದನ್ನೇ ಕೊಡಬೇಕು, ನಮ್ಮಲ್ಲಿ ಉಳಿದದ್ದನ್ನಲ್ಲ. ಒಬ್ಬ ರೋಗಿಗೆ ಕೊಟ್ಟು ಮರಳಿದ ಔಷಧವನ್ನು, ಮಾದರಿಗೆಂದು ಬಂದದ್ದನ್ನು ಕೊಡಬಾರದು. ಅಲ್ಲಿ ತಲುಪಿದ ಮೇಲೆ ಕನಿಷ್ಠ ಒಂದು ವರ್ಷ ಅವಧಿ ಉಳಿದಿರಬೇಕು. ಔಷಧದ ಮೂಲ ಹೆಸರು ಅಲ್ಲಿಯ ವೈದ್ಯರಿಗೆ ತಿಳಿಯುವ ಭಾಷೆಯಲ್ಲಿ ಸ್ಪಷ್ಟವಾಗಿ ಮುದ್ರಿತವಾಗಿರಬೇಕು. ನಮಗೆ ಒಗ್ಗದ ಗುಣಮಟ್ಟ ಅವರಿಗೂ ಒಗ್ಗದು. ಬಹಳ ಸಲ ಔಷಧಕ್ಕಿಂತ ಹಣ ಕೊಡುವುದೇ ಲೇಸು. ಸ್ಥಳದಲ್ಲಿಯೇ ತಕ್ಕದ್ದನ್ನು ಕೊಳ್ಳಬಹುದು.

ಶರಣರ ಮಾರ್ಗದಲ್ಲಿ ಇದು ಹೊಸ ವಿಚಾರವಲ್ಲ. ಲಿಂಗಕ್ಕೆ ಅರ್ಪಿಸಲು ಯೋಗ್ಯವಲ್ಲದ್ದನ್ನು ಜಂಗಮಕ್ಕೂ ನೀಡಬಾರದೆಂಬ ಎಚ್ಚರ ನಮಗುಂಟು. ಹಳಸಿದ ಅನ್ನವನ್ನು ದಾಸೋಹದ ಪಂಕ್ತಿಗೆ ಬಡಿಸಲು ಯಾವ ಸದ್ಭಕ್ತೆಯೂ ಒಪ್ಪಲಾರಳು. ಅವಧಿ ಮುಗಿದ ಗುಳಿಗೆ ಹಳಸಿದ ಅನ್ನಕ್ಕಿಂತಲೂ ಕೆಟ್ಟದ್ದು. ಹಳಸಿದ್ದು ಮೂಗಿಗೆ ತಿಳಿಯುತ್ತದೆ, ಇದು ತಿಳಿಯುವುದಿಲ್ಲ.

ಮಠ ಮನೆಗಳು ಮಾಡಬಹುದಾದದ್ದು

2024ರ ಕೊನೆಗೆ ಜಗತ್ತಿನಲ್ಲಿ 12 ಕೋಟಿ 32 ಲಕ್ಷ ಜನರು ಕಲಹ, ಹಿಂಸೆ, ದಬ್ಬಾಳಿಕೆಗಳಿಂದಾಗಿ ಮನೆ ತೊರೆದವರಿದ್ದರೆಂದು ವಿಶ್ವಸಂಸ್ಥೆಯ ನಿರಾಶ್ರಿತರ ವಿಭಾಗ ಲೆಕ್ಕ ಕೊಟ್ಟಿದೆ. ಇಷ್ಟೊಂದು ಜನರಿಗೆ ನಾವೇನು ಮಾಡಬಲ್ಲೆವೆಂದು ಕೈಚೆಲ್ಲಬೇಕಾಗಿಲ್ಲ. ಸಾಗರವನ್ನು ಬತ್ತಿಸುವುದು ನಮ್ಮ ಕೆಲಸವಲ್ಲ; ನಮ್ಮ ಬಾಗಿಲಿಗೆ ಬಂದವರಿಗೆ ತಂಬಿಗೆ ನೀರು ಕೊಡುವುದು ನಮ್ಮ ಕೆಲಸ.

ಹೋಬಳಿಗೊಂದು ಮಠ ಅಥವಾ ಸಮುದಾಯ ಭವನದಲ್ಲಿ ಬೀಗವಿರುವ ಒಂದು ಕಪಾಟನ್ನು ಇದಕ್ಕೆಂದೇ ಮೀಸಲಿಡಬಹುದು. ಓ.ಆರ್.ಎಸ್., ಕ್ಲೋರಿನ್ ಗುಳಿಗೆ, ಸಾಬೂನು, ಪಟ್ಟಿ ಹತ್ತಿ, ಹೆರಿಗೆಯ ಪೊಟ್ಟಣ, ಶುದ್ಧ ಬಟ್ಟೆ, ಇವು ಅಲ್ಲಿರಲಿ. ಬಸವ ಜಯಂತಿಯಂದು ಒಮ್ಮೆ, ಶ್ರಾವಣ ಮಾಸದಲ್ಲಿ ಒಮ್ಮೆ ಅವಧಿಯನ್ನು ಪರೀಕ್ಷಿಸಿ, ಮುಗಿಯಲು ಬಂದುದನ್ನು ಮೊದಲೇ ಸಮೀಪದ ಆರೋಗ್ಯ ಕೇಂದ್ರಕ್ಕೆ ಕೊಟ್ಟು ಹೊಸದನ್ನು ಇಡಬೇಕು. ಸೋಂಕುನಿವಾರಕ ಮೊದಲಾದ ವೈದ್ಯರ ಚೀಟಿ ಬೇಕಾದ ಔಷಧಗಳನ್ನು ನಾವು ಕೈಯಾರೆ ಹಂಚಬಾರದು. ಅದಕ್ಕೆ ವೈದ್ಯರೇ ಬೇಕು. ಕಲಬುರಗಿಯ ಮಹಾದೇವಪ್ಪ ರಾಂಪೂರೆ ವೈದ್ಯಕೀಯ ಕಾಲೇಜು, ಬೆಳಗಾವಿಯ ಕೆ.ಎಲ್.ಇ. ಸಂಸ್ಥೆಯ ವೈದ್ಯಕೀಯ ಕಾಲೇಜು ಎರಡೂ 1963ರಷ್ಟು ಹಿಂದೆಯೇ ಆರಂಭವಾದವು. ಇಂಥ ಸಂಸ್ಥೆಗಳಲ್ಲಿ ಓದಿ ವೈದ್ಯರಾದವರು ನಮ್ಮ ಪ್ರತಿ ತಾಲೂಕಿನಲ್ಲಿದ್ದಾರೆ. ವರ್ಷಕ್ಕೆ ಎರಡು ದಿನ ಅವರ ಕಾಯಕವನ್ನು ಬೇಡಿದರೆ ಇಲ್ಲವೆನ್ನಲಾರರು.

ಮನೆಯಲ್ಲಿ ಮಾಡಬೇಕಾದುದು ಇನ್ನೂ ಸುಲಭ. ಉಪ್ಪು ಸಕ್ಕರೆಯ ನೀರು ಬೆರೆಸುವುದನ್ನು ಮನೆಯ ಮಕ್ಕಳಿಗೆ, ಸೊಸೆಯಂದಿರಿಗೆ, ಹೊಲದಲ್ಲಿ ದುಡಿಯಲು ಬರುವವರಿಗೆ ಅಳತೆ ಸಹಿತ ಕಲಿಸಿರಿ. ಜಾತ್ರೆ, ಮದುವೆ, ಲಿಂಗದೀಕ್ಷೆಯ ಸಮಾರಂಭಗಳಲ್ಲಿ ಹಾರ ಶಾಲುಗಳಿಗೆ ವ್ಯಯವಾಗುವ ಹಣದ ಒಂದಂಶವನ್ನು ಆ ಕಪಾಟಿಗೆ ತೆಗೆದಿಡಿರಿ. ಮನೆ ತೊರೆದು ಬಂದವರು ಊರಿನಲ್ಲಿ ಕಂಡರೆ, ಅವರ ಮಾತು ಬೇರೆಯಿರಲಿ, ದೇವರು ಬೇರೆಯಿರಲಿ, ಮೊದಲು ಅವರ ಕೂಸುಗಳ ಆರೋಗ್ಯವನ್ನು ವಿಚಾರಿಸಿರಿ.

1948ರಲ್ಲಿ ತಾಳಿಕೋಟೆಯ ಕಡೆಯ ಆ ಊರಿನವರು ರೊಟ್ಟಿ ಕೊಟ್ಟು ಒಂದು ಕೊಟ್ಟಿಗೆ ತುಂಬ ಜನರನ್ನು ಉಳಿಸಿದರು. ಅವರಿಗೆ ತಿಳಿದಿದ್ದನ್ನೆಲ್ಲ ಅವರು ಮಾಡಿದರು. ನಮಗೆ ಅವರಿಗಿಂತ ಹೆಚ್ಚು ತಿಳಿದಿದೆ. ಆದುದರಿಂದ ನಮ್ಮ ಹೊಣೆಯೂ ಹೆಚ್ಚು. ಹೆಸರಿಲ್ಲದೆ ಪರರ ಹೊಲದ ಬದುವಿನಲ್ಲಿ ಮಲಗಿದ ಆ ಕೂಸಿಗೆ ನಾವು ಸಲ್ಲಿಸಬಹುದಾದ ಗೌರವ, ಇನ್ನೊಂದು ಕೂಸು ಅದೇ ರೀತಿ ನೀರು ನೀರೆಂದು ಅಳುತ್ತ ಕಣ್ಣು ಮುಚ್ಚದಂತೆ ನೋಡಿಕೊಳ್ಳುವುದು. ಸದ್ಭಕ್ತರಾದ ಓದುಗ ಬಂಧುಗಳು ಈ ಔಷಧ ದಾಸೋಹಕ್ಕೆ ತಮ್ಮ ತಮ್ಮ ಮನೆಯಿಂದಲೇ ಆರಂಭ ಮಾಡಲೆಂದು ವಿನಂತಿಸುತ್ತೇನೆ.